ಆಯಿಯ ಬದಲು ಹೆಸರು ಹೇಳುವುದು

ಕುರ್ಚಿ ಹಸಿರು ಬಣ್ಣದ್ದಾಗಿತ್ತು ಎಂದು ಬರೆದು ಅಳಿಸಿದೆ. ಪುಣೆಯ ಶಿವಾಜಿನಗರದ ಆ ದವಾಖಾನೆಯಲ್ಲಿ ಕುರ್ಚಿಗಳೇ ಇರಲಿಲ್ಲ, ನಾವು ಕೂತದ್ದು ಬೆಂಚಿನ ಮೇಲೆ ಎನ್ನುತ್ತಾಳೆ ನನ್ನ ತಾಯಿ. ಇರಬಹುದು. ನೆನಪು ತನಗೆ ಬೇಕಾದ ಸಾಮಾನು ತಂದು ಕೋಣೆ ತುಂಬಿಸುತ್ತದೆ. ಆದರೆ ಅಲ್ಲಿ ಅಜ್ಜಿ ನನ್ನ ಕಡೆ ತಿರುಗಿ ನೋಡಿದ್ದು ನಿಜ. ಅದರ ಬಗ್ಗೆ ಮನೆಯಲ್ಲಿ ಯಾರದೂ ತಕರಾರಿಲ್ಲ.

ಅಪ್ಪನ ತಾಯಿ ಅವಳು. ನಾನು ಆಯಿ ಎನ್ನುತ್ತಿದ್ದೆ. ಮದುವೆಯಾಗಿ ವಿಜಯಪುರದ ಕಡೆಯಿಂದ ಪುಣೆಗೆ ಬಂದವಳು. ಅಜ್ಜ, ಅಂದರೆ ನಮ್ಮ ಮುತ್ಯಾ, ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ನಾನು ಎರಡನೆಯ ತರಗತಿಯಲ್ಲಿದ್ದಾಗ ತೀರಿಕೊಂಡ. ಅವನು ಬದುಕಿದ್ದಾಗಲೂ ಸತ್ತ ಮೇಲೂ ಆಯಿ ಅವನ ಹೆಸರನ್ನು ಸುಮ್ಮಸುಮ್ಮನೆ ಬಾಯಲ್ಲಿ ಹೇಳಿದವಳಲ್ಲ. ಹಬ್ಬದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಮಾತ್ರ ಒಡಪಿನ ಪ್ರಾಸದ ಸಾಲುಗಳ ಕೊನೆಗೆ ಸೇರಿಸಿ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಿದ್ದಳಂತೆ. ಬ್ಯಾಂಕಿನಲ್ಲೋ ರೇಷನ್ ಅಂಗಡಿಯಲ್ಲೋ ಯಾರಾದರೂ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿದ್ದ ಮಗುವಿನ ಮುಖ ನೋಡುತ್ತಿದ್ದಳು. ಮಗು ಹೇಳಬೇಕು. ಮೊದಲು ಅಪ್ಪ ಹೇಳುತ್ತಿದ್ದ, ಆಮೇಲೆ ನಾನು. ನನಗೆ ಅದು ದೊಡ್ಡ ಕೆಲಸ ಅನ್ನಿಸುತ್ತಿತ್ತು.

ಒಲೆಯ ಮೇಲಿಟ್ಟ ಹಾಲು ಮರೆಯುವುದು, ಪಕ್ಕದ ಮನೆಯ ಮರಾಠಿ ಹೆಂಗಸಿಗೆ ಕನ್ನಡದಲ್ಲೇ ಉತ್ತರ ಕೊಡುವುದು ಶುರುವಾದ ಮೇಲೆ ಅಪ್ಪ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ಹೋದೆ. ಡಾಕ್ಟರು ಮರಾಠಿಯಲ್ಲಿ ಕೇಳುತ್ತಿದ್ದರು, ಅಪ್ಪ ಕನ್ನಡದಲ್ಲಿ ಹೇಳುತ್ತಿದ್ದ. ಇವತ್ತು ಯಾವ ವಾರ, ಇದು ಯಾವ ಊರು.

"ಯಾರ ಊರು ಕೇಳ್ತಾನಪಾ, ತನ್ನದೋ ನಮ್ಮದೋ?" ಎಂದಳು ಆಯಿ.

ಅಪ್ಪ ಅದನ್ನು ತಿಳಿಸಿದಾಗ ಡಾಕ್ಟರು ನಕ್ಕರು. ಆಮೇಲೆ ಗಂಡನ ಹೆಸರು ಕೇಳಿದರು.

ಆಯಿ ನನ್ನ ಕಡೆ ನೋಡಿದಳು.

ನಾನು ಬಾಯಿ ತೆರೆದೆ. ಡಾಕ್ಟರು ಕೈ ಎತ್ತಿ, "ತ್ಯಾಂನಾಚ್ ಸಾಂಗೂ ದೇ," ಅವರೇ ಹೇಳಲಿ, ಎಂದರು. ಆಯಿ ಕಾದಳು. ನಾನೂ ಕಾದೆ. ಕೊನೆಗೆ ಡಾಕ್ಟರು ಮುಂದಿನ ಪ್ರಶ್ನೆಗೆ ಹೋದರು.

ಈಗ ಮದುವೆಮನೆಗಳಲ್ಲಿ ಅಪ್ಪ ಇದನ್ನು ನಗುವಂತೆ ಹೇಳುತ್ತಾನೆ. ಅವನ ಕಥೆಯಲ್ಲಿ ಸೋಲುವುದು ಡಾಕ್ಟರು. ಅಂದು ಅವನು ನಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಅಪ್ಪನ ಹೆಸರೂ ಮರ್ತಾಳ," ಎಂದ.

"ಮರ್ತಿಲ್ಲ. ಆಕಿ ಎಂದರ ಹೇಳ್ಯಾಳೇನು?" ಎಂದೆ ನಾನು.

"ಇಷ್ಟು ಬ್ಯಾನಿ ಬಂದಾಗೂ ಹೇಳಬಾರದೇನು? ಡಾಕ್ಟರ ಮುಂದ ಎಂಥಾ ನಾಚಿಕಿ?"

"ಯಾರಿಗೆ ಬ್ಯಾನ್ಯೋ?" ಎಂದಳು ಮುಂದಿನ ಸೀಟಿನಲ್ಲಿದ್ದ ಆಯಿ. "ಆ ಮನಶ್ಯಾ ಭಾಳ ಮಾತಾಡ್ತಾನ, ಅಷ್ಟಽ."

ಅವಳು ಮರೆತಿಲ್ಲ ಎನ್ನುವುದು ನನಗೆ ಬೇಕಾಗಿತ್ತು. ನನ್ನ ಲೆಕ್ಕ ಸರಳವಾಗಿತ್ತು: ಅಷ್ಟು ಕಾಲ ಜೊತೆಗಿದ್ದ ಮುತ್ಯಾನ ಹೆಸರೇ ಹೋಗಿದ್ದರೆ ಮುಂದಿನ ಸರದಿ ನನ್ನದು.

ಆದ್ದರಿಂದ ಪರೀಕ್ಷೆಯನ್ನು ನಾನೇ ಮಾಡಬೇಕೆಂದುಕೊಂಡೆ. ಮರುದಿನವೇ ಮಾಡಿದೆ ಎಂದು ನನಗೆ ನೆನಪು. ಎಷ್ಟೋ ದಿನಗಳ ಮೇಲೆ, ಶ್ರಾವಣದಲ್ಲಿ ಎನ್ನುತ್ತಾಳೆ ತಾಯಿ. ಎಂದಾದರೂ ಇರಲಿ, ಮಧ್ಯಾಹ್ನ. ಆಯಿ ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳ ಒಡಪಿನ ಮೊದಲ ಸಾಲು ಹೇಳಿದೆ. ಪುಣೆಗೆ ಬಂದ ಹೊಸದರಲ್ಲಿ, ಮಾರ್ಕೆಟ್ ಯಾರ್ಡ್ ಇರುವ ಗುಲಟೇಕಡಿಯ ಹೆಸರು ಸೇರಿಸಿ ಅವಳೇ ಕಟ್ಟಿದ್ದು ಅದು:

"ಗುಲಟೇಕಡಿ ದಾರಿ ತುಂಬ ಗಾಡಿ ಗದ್ದಲ…"

ಅವಳ ಕೈ ನಿಲ್ಲಲಿಲ್ಲ. ಬಾಯಿ ತಾನಾಗಿ ಮುಂದುವರಿಸಿತು:

"ಉಳ್ಳಾಗಡ್ಡಿ ಧೂಳ ಝಾಡಿಸಿ ಮನಿ ಹೊಕ್ಕಾರ ಮೊದಲ…"

ಇದರ ಮುಂದೆ ಬರಬೇಕಾದದ್ದು ಹೆಸರು. ಆಯಿ ನಿಲ್ಲಿಸಿ ನನ್ನ ಕಡೆ ನೋಡಿದಳು. ತುಟಿಯಂಚಿನಲ್ಲಿ ನಗು ಇತ್ತು. ಈ ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

"ಹೇಳು ಆಯಿ. ಇಲ್ಲಿ ಯಾರೂ ಇಲ್ಲ."

"ನೀ ಇದ್ದೀಯಲ್ಲ."

"ನಾ ಸಣ್ಣಾಕಿ."

"ಸಣ್ಣಾಕಿ ಇದ್ರ ನೀನಽ ಹೇಳು. ಸಣ್ಣವರಽ ಹೇಳಬೇಕು."

ಇದು ಗೊತ್ತಿದ್ದವಳ ಜಾಣತನವೋ, ಮರೆತವಳದೋ? ಇಬ್ಬರೂ ಇದೇ ಮಾತನ್ನು ಆಡಬಲ್ಲರು. ನಾನು ಅಲ್ಲಿಗೇ ಎದ್ದು ಹೋಗಿದ್ದರೆ ಅಪ್ಪನೊಂದಿಗೆ ವಾದ ಮುಂದುವರಿಸಬಹುದಿತ್ತು. ಆದರೆ ಅವಳು ಕಾಯುತ್ತಿದ್ದಳು. ಮುತ್ಯಾನ ಹೆಸರನ್ನು ಪೂರ್ತಿಯಾಗಿ, ಅಡ್ಡಹೆಸರಿನ ಸಮೇತ ಹೇಳಿದೆ.

ಅವಳ ಕೈ ಮೇಲೆದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಬೆಳ್ಳುಳ್ಳಿ ಸಿಪ್ಪೆಯ ಚೂರೊಂದು ಕೂದಲಿಗೆ ಅಂಟಿತು. ಮುತ್ಯಾ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದಾಗ ಅವಳು ಹಾಗೆ ಮಾಡುತ್ತಿದ್ದಳು. ಗೆದ್ದೆ ಅನ್ನಿಸಿತು ನನಗೆ.

"ಯಾರವ್ವಾ ಅವರು?" ಎಂದಳು.

ಅವ್ವಾ ಎಂದದ್ದು ನನ್ನನ್ನು. ನಮ್ಮ ಕಡೆ ಹುಡುಗಿಯರನ್ನೆಲ್ಲ ಹಾಗೇ ಕರೆಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾದರೆ ನಾನು ಯಾರು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಕೇಳಲಿಲ್ಲ.

"ನಮ್ಮವರಽ, ಆಯಿ," ಎಂದೆ.

"ಹಂಗಾರ ಕೂಡ್ರಂತ ಹೇಳು. ಎಷ್ಟೊತ್ತು ನಿಂತಿರ್ತಾರ ಪಾಪ."

ನಾನು ಬಾಗಿಲ ಕಡೆ ತಿರುಗಿ, "ಕೂಡ್ರಿ," ಎಂದೆ. ಆಮೇಲೆ ಅವಳ ಪಕ್ಕದಲ್ಲಿ ಕೂತೆ. ಅವಳು ಬೆಳ್ಳುಳ್ಳಿಯ ಬುಟ್ಟಿಯನ್ನು ನನಗೂ ಕೈಗೆಟಕುವಂತೆ ಸರಿಸಿದಳು.