ದೀಪದ ಬಾಕ್ಸಿಗೆ ಹಾಕಿದ ಫ್ಯಾನು

ಅವನನ್ನು ಎಲ್ಲರೂ ಜೋಕಾಲಿ ಎನ್ನುತ್ತಿದ್ದರು. ವೈರಿಂಗ್ ಕೆಲಸದವನಿಗೆ ಈ ಹೆಸರು ಬರಲು ಕಾರಣವಿತ್ತು. ಯಾರ ಮನೆಯಲ್ಲೇ ಆಗಲಿ, ಫ್ಯಾನು ಹಾಕುವ ಮೊದಲು ಏಣಿ ಹತ್ತಿ, ಚಾವಣಿಯ ಹುಕ್ಕಿನೊಳಗೆ ಒಂದು ಕಬ್ಬಿಣದ ಸರಳು ತೂರಿಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾಲನ್ನು ಏಣಿಯಿಂದ ಎತ್ತಿಬಿಡುತ್ತಿದ್ದ. ಉದ್ದನೆಯ ಆಳು. ಅವನ ಕಾಲು ಗಾಳಿಯಲ್ಲಿ ತೂಗಾಡುವುದನ್ನು ನೋಡಲು ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಿದ್ದರು. "ನನ್ನನ್ನೇ ಹೊತ್ಕೊಂಡಿದೆ, ಇನ್ನು ಫ್ಯಾನ್ ಯಾವ ಲೆಕ್ಕ?" ಎಂದು ಇಳಿಯುತ್ತಿದ್ದ. ಮನೆಯವರಿಗೆ ಧೈರ್ಯ ಬರುತ್ತಿತ್ತು.

ಅವನಿಗೆ ಮಾತ್ರ ಬರುತ್ತಿರಲಿಲ್ಲ. ಬೇರೆಯವರು ಹಾಕಿದ ಫ್ಯಾನಿನ ಕೆಳಗೆ ಅವನು ನೆಟ್ಟಗೆ ಕೂತದ್ದೇ ಇಲ್ಲ. ಡಾಕ್ಟರು ನಾಲಿಗೆ ಚಾಚಿ ಎಂದರೆ ನಾಲಿಗೆ ಹೊರಗೆ, ಕಣ್ಣು ಮೇಲೆ. ಒಮ್ಮೆ ಮಗಳ ಶಾಲೆಗೆ ಹೋದವನು ಟೀಚರ್ ಹೇಳಿದ್ದೊಂದನ್ನೂ ಕೇಳಿಸಿಕೊಳ್ಳದೆ ಬಂದಿದ್ದ. "ಏನಂದ್ರು? ಓದ್ತಾಳಂತಾ?" ಎಂದು ಹೆಂಡತಿ ಕೇಳಿದಾಗ, "ಕಿಟಕಿ ಪಕ್ಕದ ಬೆಂಚಲ್ಲಿ ಕೂರಬೇಡ ಅಂದಿದೀನಿ. ಅಲ್ಲಿನ ಫ್ಯಾನ್ ಓಲಾಡ್ತಿದೆ" ಎಂದ.

ಇಂಥವನ ಸ್ವಂತ ಬಿಡಾರದ ಮುಂಕೋಣೆಯಲ್ಲಿ ಫ್ಯಾನೇ ಇರಲಿಲ್ಲ. ಬಾಡಿಗೆ ಮನೆ. ಕಟ್ಟಿಸಿದವರು ಆ ಕೋಣೆಯ ಚಾವಣಿಯ ನಡುವೆ ದೀಪಕ್ಕೆಂದು ಒಂದು ಬಾಕ್ಸು ಇಟ್ಟಿದ್ದರು, ಅಷ್ಟೆ. ಫ್ಯಾನಿನ ಬಾಕ್ಸು ಬೇರೆ ಬಗೆಯದು. ಅದರೊಳಗೆ ಅಡ್ಡಲಾಗಿ ಒಂದು ಸರಳು ಹಾದುಹೋಗಿ, ಎರಡೂ ತುದಿ ಕಾಂಕ್ರೀಟಿನೊಳಗಿನ ಕಂಬಿಗಳ ಮೇಲೆ ಕೂತಿರುತ್ತದೆ. ಭಾರವೆಲ್ಲ ಚಾವಣಿಗೆ ಹೋಗುತ್ತದೆ. ದೀಪದ ಬಾಕ್ಸಿನಲ್ಲಿ ತೆಳು ತಗಡು, ತಗಡಿಗೆ ಎರಡು ಕಿವಿ, ಕಿವಿಗಳಿಗೆ ಎರಡು ಸಣ್ಣ ಸ್ಕ್ರೂ. ಬಲ್ಬಿನ ಹೋಲ್ಡರಿಗೆ ಅಷ್ಟು ಸಾಕು.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದಾಗ ಅವರ ಮಂಚ ಹಾಕಿದ್ದು ಆ ಕೋಣೆಯಲ್ಲೇ. ಬಾಗಿಲು ಬಿಟ್ಟು, ಬೀರು ಬಿಟ್ಟು ಉಳಿದ ಜಾಗವೆಂದರೆ ನಡುಮಧ್ಯ. ಸ್ಟೂಲಿನ ಮೇಲಿನ ಟೇಬಲ್ ಫ್ಯಾನು ಅವರ ಪಾದಕ್ಕೆ ಮಾತ್ರ ಗಾಳಿ ಕೊಡುತ್ತಿತ್ತು.

"ಊರವರಿಗೆಲ್ಲ ಗಾಳಿ ಹಾಕಿ ಬರ್ತೀರಿ. ನಮ್ಮಮ್ಮನಿಗೆ ಮಾತ್ರ ರಟ್ಟಿನ ಬೀಸಣಿಗೆ" ಎಂದು ಹೆಂಡತಿ ಚುಚ್ಚುತ್ತಿದ್ದಳು.

"ಸೀಲಿಂಗ್ ಕೊರೀಬೇಕು ಕಣೇ. ಭಾನುವಾರ ಮಾಡ್ತೀನಿ."

"ಯಾವ ಭಾನುವಾರ ಅಂತ ಹೇಳಿ, ಅವತ್ತು ಮನೇಲಿರ್ತೀನಿ."

ಒಂದು ಮಧ್ಯಾಹ್ನ ಊಟಕ್ಕೆಂದು ಬಂದವನು ಹೊಸ್ತಿಲಲ್ಲೇ ನಿಂತ. ಮಂಚದ ನೇರಕ್ಕೆ, ಅತ್ತೆಯ ಎದೆಯ ಮೇಲೆ, ಹೊಸ ಫ್ಯಾನು ತಿರುಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಸುಖವಾಗಿ ಮಲಗಿದ್ದರು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಭಾಮೈದ ಕೂತಿದ್ದ. ಅವನು ಟೈಲರ್. ಅಂಗಡಿ ಮುಚ್ಚಿ ಬಂದಿದ್ದ. ಆಸ್ಪತ್ರೆ, ಔಷಧಿ, ಆರೈಕೆ ಎಲ್ಲವನ್ನೂ ಅಕ್ಕನ ಮನೆಯವರೇ ನೋಡಿಕೊಂಡರೆಂಬ ಸಂಕೋಚ ಅವನಿಗೆ ಒಳಗೊಳಗೇ ಇತ್ತು. ಇವತ್ತು ಮುಖ ಅರಳಿತ್ತು.

"ನಮ್ಮ ಹುಡುಗ ಹಾಕಿದ್ದು" ಎಂದರು ಅತ್ತೆ, ಕಣ್ಣು ತೆರೆಯದೆ. "ಅಳಿಯಂದಿರಿಗೆ ಪುರುಸೊತ್ತಿಲ್ಲ ಅಂತ."

ಜೋಕಾಲಿ "ಚೆನ್ನಾಗಿದೆ" ಎಂದ. ಕೈಕಾಲು ತೊಳೆದ. ತಟ್ಟೆ ಹಿಡಿದು ನಿಂತುಕೊಂಡೇ ನಾಲ್ಕು ತುತ್ತು ಉಂಡ. ಮಾತಿಗೊಮ್ಮೆ ಮೇಲೆ ನೋಡಿದ. ತಟ್ಟೆ ಇಡುವ ನೆವದಲ್ಲಿ ಹೋಗಿ ರೆಗ್ಯುಲೇಟರ್ ಕಡಿಮೆ ಮಾಡಿದ. ಭಾಮೈದ ಎದ್ದು ಜಾಸ್ತಿ ಮಾಡಿದ. ಜೋಕಾಲಿ ಕಸ ಗುಡಿಸುವ ನೆವದಲ್ಲಿ ಮಂಚವನ್ನು ಗೋಡೆಯ ಕಡೆ ಒಂದು ಗೇಣು ನೂಕಿದ.

"ಏನ್ರಿ ಅಳಿಯಂದಿರೇ, ಗಾಳಿ ಬೀಳೋದು ಇಲ್ಲಿ, ನೀವು ನನ್ನ ಅಲ್ಲಿಗೆ ತಳ್ತಿದೀರಿ."

"ಯಾವತ್ತೂ ಪೊರಕೆ ಮುಟ್ಟಿದವರಲ್ಲ" ಎಂದು ಹೆಂಡತಿ ಪೊರಕೆಯನ್ನು ಕಿತ್ತುಕೊಂಡಳು. "ಏನಾಗಿದೆ ನಿಮಗೆ?"

ಅವನು ಭಾಮೈದನನ್ನು ಹೊರಗೆ ಕರೆದುಕೊಂಡು ಹೋದ. ಕಿಟಕಿಯಿಂದ ಫ್ಯಾನು ಕಾಣುವ ಹಾಗೆ ನಿಂತ.

"ಯಾವುದಕ್ಕೆ ಸಿಕ್ಕಿಸ್ದೆ?"

"ಅಂಗಡಿಯವನು ಹುಕ್ ಇರೋ ಪ್ಲೇಟ್ ಕೊಟ್ಟ ಭಾವ. ಬಾಕ್ಸಿಗೆ ಬಿಗಿದೆ."

"ಅದು ದೀಪದ ಬಾಕ್ಸ್ ಕಣಪ್ಪ. ಫ್ಯಾನ್ ತಡಿಯುತ್ತೆ ಅಂತ ಹೇಗೆ ನೋಡ್ದೆ?"

ಭಾಮೈದನಿಗೆ ಆಶ್ಚರ್ಯವಾಯಿತು. "ಜೋತುಬಿದ್ದು ನೋಡ್ದೆ. ಕಾಲು ಎತ್ತಿದೆ, ಅಲ್ಲಾಡ್ಲಿಲ್ಲ. ನೀವು ಮಾಡೋದೇ ತಾನೇ?"

ಜೋಕಾಲಿ ಮಾಡುತ್ತಿದ್ದದ್ದು ಅದಷ್ಟೇ ಅಲ್ಲ. ಜೋತುಬೀಳುವ ಮೊದಲೇ, ಯಾರೂ ನೋಡದಾಗ, ಬಾಕ್ಸಿನೊಳಗೆ ಬೆರಳು ತೂರಿಸಿ ಅಡ್ಡ ಸರಳು ಇದೆಯೇ, ಅದು ಕಾಂಕ್ರೀಟಿನೊಳಗೆ ಹೋಗಿದೆಯೇ ಎಂದು ತಡವಿ ನೋಡಿರುತ್ತಿದ್ದ. ತೀರ್ಮಾನ ಆಗುತ್ತಿದ್ದದ್ದು ಅಲ್ಲಿ. ಜೋತುಬೀಳುವುದು ಮನೆಯವರ ಧೈರ್ಯಕ್ಕೆ. ಬೆರಳಿನ ಕೆಲಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಕಾಲು ತೂಗಾಡಿದ್ದು ಎಲ್ಲರಿಗೂ ನೆನಪಿತ್ತು.

"ನೋಡು, ನೀನು ಸುಮ್ಮನೆ ಜೋತುಬಿದ್ದೆ. ಆಗ ಬಾಕ್ಸ್ ಕೆಳಗೆ ಎಳೆಯೋದನ್ನ ಮಾತ್ರ ತಡ್ಕೊಳ್ತು. ಫ್ಯಾನ್ ತಿರುಗ್ತಾ ಅಲ್ಲಾಡುತ್ತೆ. ಭಾರ ಕಡಿಮೆ, ಆದ್ರೆ ಬಿಡುವಿಲ್ಲ. ಸ್ಕ್ರೂನ ಒಂದೊಂದೇ ಸುತ್ತು ಬಿಚ್ಚಿಸ್ತಾ ಹೋಗುತ್ತೆ."

"ಬೆಳಗ್ಗೆಯಿಂದ ತಿರುಗ್ತಿದೆ, ಏನೂ ಆಗಿಲ್ಲ. ನಾನು ಹಾಕಿದ್ದು ಅಂತಲೇ ನಿಮಗೆ ಸಮಾಧಾನ ಇಲ್ಲ, ಅಲ್ವಾ?"

"ಅಮ್ಮನ್ನ ಪಕ್ಕಕ್ಕೆ ಸರಿಸಿ ಬಿಚ್ಚಿ ನೋಡೋಣ. ಸರಿ ಇದ್ರೆ ನಾಳೆ ನಿನ್ನ ಅಂಗಡಿಗೆ ಬಂದು ಕಾಜಾ ಹೊಲೀತೀನಿ."

ಭಾಮೈದನಿಗೆ ನಗು ಬರಲಿಲ್ಲ. ಆದರೂ ಒಳಗೆ ಬಂದು ಸ್ವಿಚ್ ಆರಿಸಿದ. ಮಂಚವನ್ನು ಇಬ್ಬರೂ ಎತ್ತಿ ಹಿಡಿದು ಸರಿಸಿದರು. ಅದು ಬಾಗಿಲಿಗೆ ಅಡ್ಡ ಬಂತು. ಅತ್ತೆ ಕಾಲು, ಗಾಳಿ, ನಿದ್ದೆ ಎಂದು ಒಂದೊಂದಾಗಿ ದೂರುತ್ತಲೇ ಇದ್ದರು. ಜೋಕಾಲಿ ಮೇನ್ ಸ್ವಿಚ್ ಆರಿಸಿ ಏಣಿ ಇಟ್ಟ. ಅದನ್ನು ತಾನು ಹತ್ತದೆ ಗಟ್ಟಿಯಾಗಿ ಹಿಡಿದುಕೊಂಡು, ಭಾಮೈದನಿಗೆ "ನೀನೇ ನೋಡು" ಎಂದ.

ಭಾಮೈದ ಫ್ಯಾನಿನ ಮೇಲ್ತುದಿಯಲ್ಲಿ ಬಾಕ್ಸನ್ನು ಮುಚ್ಚಿದ್ದ ಬಟ್ಟಲಿನಂಥ ಮುಚ್ಚಳವನ್ನು ಕೆಳಗೆ ಸರಿಸಿದ. ಒಂದು ಸ್ಕ್ರೂ ಬಿಗಿಯಾಗಿತ್ತು. ಇನ್ನೊಂದನ್ನು ಬೆರಳಲ್ಲಿ ಮುಟ್ಟಿದ, ತಿರುಗಿತು. ಇನ್ನೆರಡು ಸುತ್ತು ತಿರುಗಿಸುವಷ್ಟರಲ್ಲಿ ಕೈಗೇ ಬಂತು. ಪ್ಲೇಟು ಆ ಕಡೆಯಿಂದ ಬಾಕ್ಸು ಬಿಟ್ಟು ಬೆರಳು ತೂರುವಷ್ಟು ಜಾರಿತು.

"ಎಳೆ ಬಿಟ್ಟ ಗುಂಡಿ ಥರ ಇದೆ ಭಾವ" ಎಂದ.

"ಏನಂತೆ?" ಎಂದರು ಅತ್ತೆ.

"ಏನಿಲ್ಲ ಅತ್ತೆ, ಸ್ವಲ್ಪ ಸದ್ದು ಬರ್ತಿತ್ತು. ಅದಕ್ಕೇ" ಎಂದ ಜೋಕಾಲಿ.

"ಸದ್ದಲ್ಲ ಅಮ್ಮ" ಎಂದ ಮಗ ಏಣಿಯ ಮೇಲಿಂದ. "ನಾನು ಹಾಕಿದ್ದು ಸರಿ ಇರ್ಲಿಲ್ಲ. ಬೀಳ್ತಿತ್ತು."

ಅತ್ತೆ ಅವನನ್ನೂ ಫ್ಯಾನನ್ನೂ ನೋಡಿದರು. "ಇಳಿ ಕೆಳಗೆ. ಮೊದಲು ಊಟ ಮಾಡು" ಎಂದರು.

ಊಟವಾದ ಮೇಲೆ ದೀಪದ ಬಾಕ್ಸಿನ ಪಕ್ಕದಲ್ಲಿ ಕಾಂಕ್ರೀಟು ಕೊರೆದರು. ಕೊರೆದವನು ಭಾಮೈದ. ಎಷ್ಟು ಆಳ, ಕಂಬಿ ತಗುಲಿದರೆ ಸದ್ದು ಹೇಗೆ ಬದಲಾಗುತ್ತದೆ ಎಂದು ಕೆಳಗಿನಿಂದ ಹೇಳಿದವನು ಜೋಕಾಲಿ. ತೂತಿನೊಳಗೆ ಹೋಗಿ ಅರಳಿಕೊಂಡು ಕಚ್ಚುವ ದಪ್ಪ ಬೋಲ್ಟು ಹಾಕಿ, ಹುಕ್ಕು ಬಿಗಿದರು. ಇಬ್ಬರ ತಲೆಯೂ ಸಿಮೆಂಟಿನ ಪುಡಿಯಿಂದ ಬೆಳ್ಳಗಾಗಿತ್ತು. ಅಕ್ಕ ಇಬ್ಬರನ್ನೂ ಬೈಯುತ್ತ ಹಾಸಿಗೆ ಕೊಡವಿದಳು. ಭಾಮೈದ ಬೆಳಗ್ಗೆಯಂತೆ ಜೋತುಬೀಳಲು ಸರಳಿಗೆ ಕೈ ಚಾಚಿದ.

"ಬೇಡ. ಬೋಲ್ಟ್ ಬುಡದಲ್ಲಿ ಬೆರಳಿಡು. ಇನ್ನೊಂದು ಕೈಯಲ್ಲಿ ಹುಕ್ ಅಲ್ಲಾಡಿಸು. ಏನಾದ್ರೂ ಅದುರುತ್ತಾ?"

"ಇಲ್ಲ."

"ಆ ಕಡೆಯಿಂದಲೂ ನೋಡು."

ಫ್ಯಾನು ಮತ್ತೆ ತಿರುಗಿತು. ಅತ್ತೆ ಗಾಳಿಗೆ ಮುಖವೊಡ್ಡಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಜೋಕಾಲಿಯೂ ಕೂತ, ತಕ್ಷಣ ಎದ್ದ. ಎಷ್ಟೋ ಮನೆಗಳಲ್ಲಿ ಅವನ ಕಾಲು ತೂಗಾಡಿದ್ದನ್ನು ಎಷ್ಟೋ ಜನ ನೋಡಿದ್ದರು. ಅವರೆಲ್ಲ ಮುಂದಿನ ಫ್ಯಾನಿಗೆ ಅವನನ್ನೇ ಕರೆದಿರಬೇಕೆಂದೇನೂ ಇಲ್ಲ, ಭಾಮೈದನ ಹಾಗೆ ತಾವೇ ಜೋತುಬಿದ್ದು ನೋಡಿ ಹಾಕಿಕೊಂಡಿರಬಹುದು. ಅವನು ಫೋನು ತೆಗೆದು ಮೊದಲು ನೆನಪಿಗೆ ಬಂದವರಿಗೆ, ಪಕ್ಕದ ಬೀದಿಯ ಹೊಲಿಗೆ ತರಬೇತಿ ನಡೆಸುವ ಅಮ್ಮನವರಿಗೆ, ಮಾಡಿದ.

"ನಾನು ಒಂದು ರೂಮಿಗೆ ಹಾಕಿದ್ನಲ್ಲ ಅಮ್ಮ, ಆಮೇಲೆ ಬೇರೆ ರೂಮಿಗೂ ಹಾಕ್ಸಿದ್ರಾ?"

"ಓ, ಹೋದ ತಿಂಗಳೇ. ನಮ್ಮ ಯಜಮಾನರೇ ಹಾಕಿದ್ರು. ನಿಮ್ಮ ಹಾಗೇ ಜೋತಾಡಿ ನೋಡಿದ್ರು, ಭದ್ರವಾಗಿದೆ."

"ಈಗ ಅದರ ಕೆಳಗೆ ಯಾರಿದಾರೆ?"

"ಕ್ಲಾಸ್ ನಡೀತಿದೆ, ಹುಡುಗಿಯರಿದಾರೆ."

"ಫ್ಯಾನ್ ಆರಿಸಿ, ಅವರನ್ನ ಈಚೆ ರೂಮಿಗೆ ಕಳಿಸಿ. ಬಂದೆ."

ಅವನು ತಲೆಯ ಪುಡಿಯನ್ನೂ ಕೊಡವದೆ ಏಣಿ ಹೆಗಲಿಗೇರಿಸಿದ. ಮಂಚದ ಪಕ್ಕದಿಂದ ಭಾಮೈದ ಎದ್ದು, ಕೇಳದೆಯೇ ಏಣಿಯ ಇನ್ನೊಂದು ತುದಿ ಹಿಡಿದುಕೊಂಡ.