ಹಳ್ಳ ತಡೆದ ಬೀಗರು

ನನ್ನನ್ನು ನೋಡಲು ಲಿಂಗಸುಗೂರಿನಿಂದ ಗಂಡಿನವರು ಬಂದದ್ದು ಮಳೆಗಾಲದಲ್ಲಿ. ಆಗ ನಿಜಾಮರ ಕಾಲ; ಹುಡುಗ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಮಸ್ಕಿಯಲ್ಲಿ ನಮ್ಮ ಮನೆ ಗುಡ್ಡದ ಬುಡಕ್ಕೇ ಇತ್ತು. ಮಳೆ ಬಾರದೆ ಇರುವುದೇ ನಮ್ಮ ಸೀಮೆಯ ರೂಢಿ. ಹಾಗಾಗಿ ಮೋಡ ಬಂಡೆಗಳ ಮೇಲೆ ಇಳಿದು ಕೂತರೂ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ತಿನ್ನಲು ಮಂಡಾಳು ಒಗ್ಗರಣೆಯ ತಟ್ಟೆ ತಂದಿಟ್ಟು, ನಮಸ್ಕಾರ ಮಾಡಿ, ಒಳಗೆ ಹೋದೆ. ಪದ್ಧತಿಯ ಪ್ರಕಾರ ನೋಡುವುದು ಅಲ್ಲಿಗೆ ಮುಗಿಯಿತು. ಅವರು ಬಂಡಿ ಹೂಡುವಷ್ಟರಲ್ಲಿ ಮಳೆ ಹಿಡಿಯಿತು. ಕಲ್ಲುಗುಡ್ಡ ನೀರು ಕುಡಿಯುವುದಿಲ್ಲ, ಬಿದ್ದದ್ದನ್ನೆಲ್ಲ ಕೆಳಗೆ ಕಳಿಸುತ್ತದೆ. ದಾರಿಯ ಹಳ್ಳ ತುಂಬಿ ಬಂತು. ಹೋದ ಬಂಡಿ ತಿರುಗಿ ಬಂತು.

ಮರುದಿನವೂ ಮಳೆ, ಅದರ ಮರುದಿನವೂ ಮಳೆ. ಹುಡುಗ, ಅವನ ತಂದೆತಾಯಿ, ಅವರ ಎತ್ತುಗಳು, ನಾವು, ಎಲ್ಲರೂ ಒಂದೇ ಸೂರಿನಡಿ. ಹೆಣ್ಣು ಗಂಡಿನ ಕಣ್ಣಿಗೆ ಬೀಳಬಾರದೆಂದು ಅವ್ವ ಪಡಸಾಲೆಗೆ ಹಳೆಯ ಸೀರೆ ಅಡ್ಡ ಕಟ್ಟಿದಳು. ಮಾಳಿಗೆ ಸೋರತೊಡಗಿದಾಗ ಅದನ್ನೇ ಬಿಚ್ಚಿ ನೆಲ ಒರೆಸಿದಳು. ಹೀಗೆ ನಾನು ಅವನನ್ನು ಚೆನ್ನಾಗಿ ನೋಡಿದೆ. ಗುಡುಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ರಜೆ ಮುಗಿಯಿತೆಂದು ಗಳಿಗೆಗೊಮ್ಮೆ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಮಳೆ ತುಸು ನಿಂತಾಗ, ಹಳ್ಳ ಇಳಿದಿದೆಯೇ ನೋಡಲು ಗುಡ್ಡ ಹತ್ತಿದ. ಹತ್ತಿದ್ದಕ್ಕಿಂತ ಬೇಗ, ಕೂತುಕೊಂಡೇ ಇಳಿದ. ಧೋತರ ಹಿಂದೆ ಹರಿದಿತ್ತು. ಮನೆಗೆ ಬಂದವನು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಅಪ್ಪ ತನ್ನ ಧೋತರ ಕೊಟ್ಟ. ಹರಿದದ್ದನ್ನು ಹೊಲಿದು ಕೊಡೋಣವೆಂದು ನಾನು ಸೂಜಿದಾರ ತಂದೆ.

"ಇಲ್ಲಿ ಕೊಡ್ರಿ, ನನಗ ಬರತದ," ಎಂದು ಕೈಚಾಚಿದ. ಮೂಲೆಯಲ್ಲಿ ಕೂತು ಹೊಲಿದ. ಹೊಲಿಗೆ ನನ್ನದಕ್ಕಿಂತ ನೆಟ್ಟಗಿತ್ತು. ನನಗೆ ಸಿಟ್ಟೂ ಬಂತು, ಇನ್ನೊಂದು ಸಲ ನೋಡಬೇಕೆಂದೂ ಅನಿಸಿತು.

ಹಳ್ಳ ಇಳಿದ ಬೆಳಿಗ್ಗೆ ಅವನ ತಂದೆ, "ಹುಡುಗಿ ನಮಗ ಒಪ್ಪಿಗಿ ಆಗ್ಯಾಳ್ರಿ," ಎಂದರು.

ಅವನ ತಾಯಿ ನಡುವೆ ಬಾಯಿ ಹಾಕಿದರು: "ಅಕಿನ್ನೂ ಕೇಳ್ರಿ. ನಾವು ಅಕಿನ್ನ ನೋಡಿದ್ದಕ್ಕಿಂತ ಅಕಿನಾ ನಮ್ಮನ್ನ ಭಾಳ ನೋಡ್ಯಾಳ."

ನಮ್ಮ ಮನೆತನದಲ್ಲಿ ಹೆಣ್ಣನ್ನು ಕೇಳಿದವರಿರಲಿಲ್ಲ. ಹೇಗೆ ಕೇಳಬೇಕೆಂದು ಅಪ್ಪನಿಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಕೆಮ್ಮಿದ.

"ಏನಂತೀ ಬೇ?"

"ಆಗಲಿ," ಎಂದೆ.

ಬೀಗರು ಉಂಡು ಉಂಡು ಮನೆಯಲ್ಲಿ ಹಿಟ್ಟು ತೀರಿತ್ತು. ಬಾಯಿ ಸಿಹಿ ಮಾಡಲು ಅವ್ವ ಎಲ್ಲರ ಕೈಗೂ ಬೆಲ್ಲದ ಚೂರು ಕೊಟ್ಟಳು. ಅವನು ತನ್ನ ಪಾಲನ್ನು ಮುರಿದು ಎತ್ತುಗಳಿಗೆ ತಿನ್ನಿಸಿ, ಬೆರಳು ನೆಕ್ಕಿಕೊಂಡು, ಬಂಡಿ ಹತ್ತಿದ.