ಎಂಟುನೂರು ಪದಗಳ ಅರಿಶಿನ

ನಾನು ಬರೆದದ್ದರ ಕೆಳಗೆ ನನ್ನ ಹೆಸರು ಇರುವುದಿಲ್ಲ ಎನ್ನುವುದನ್ನು ಅಪ್ಪನಿಗೆ ಅರ್ಥಮಾಡಿಸಲು ನನಗೆ ಎರಡು ವರ್ಷ ಹಿಡಿಯಿತು. ಕನ್ನಡದಲ್ಲಿ ಎಂ.ಎ. ಮಾಡಿದ್ದೆ. ಅತಿಥಿ ಉಪನ್ಯಾಸಕಿಯ ಕೆಲಸ ಕೈತಪ್ಪಿದ ಮೇಲೆ ಚಾಮರಾಜನಗರದ ಬಾಡಿಗೆ ಕೋಣೆಯಲ್ಲಿ ಕೂತು ಆನ್‌ಲೈನಿನಲ್ಲಿ ಲೇಖನ ಮಾರುತ್ತಿದ್ದೆ. ಅದೊಂದು ಸಂತೆ. ಬೇಕಾದವರು ವಿಷಯ, ಪದಗಳ ಲೆಕ್ಕ, ಗಡುವು ಹೇಳುತ್ತಾರೆ. ನಾವು ಬರೆದು ಕೊಡುತ್ತೇವೆ. ಒಪ್ಪಿಕೊಂಡ ಗಳಿಗೆಯಿಂದ ಅದು ಅವರ ಸ್ವತ್ತು, ಯಾರ ಹೆಸರನ್ನಾದರೂ ಅಂಟಿಸಿಕೊಳ್ಳಬಹುದು. ಮೊಣಕಾಲು ನೋವಿಗೆ ಮನೆಮದ್ದು ಬರೆದೆ, ಮೊದಲ ಮಗುವಿಗೆ ಹೆಸರಿಡುವುದು ಹೇಗೆಂದು ಬರೆದೆ. ನನಗೆ ಮೊಣಕಾಲು ನೋವಿಲ್ಲ, ಮಗುವೂ ಇಲ್ಲ.

"ನೀ ಬರ್ದುದ್ದು ಅಂತ ಜನಕ್ಕೆ ಎಂಗಮ್ಮಿ ಗೊತ್ತಾದದು?" ಎಂದು ಅಪ್ಪ ಕೇಳುತ್ತಿದ್ದ.

"ಗೊತ್ತಾಗಲ್ಲ ಕಣಪ್ಪ."

"ಅದ್ಯಾವ ಸೀಮೆ ಕೆಲ್ಸವೋ ಕಾಣೆ."

ಅಪ್ಪ ಇರುವುದು ಗುಂಡ್ಲುಪೇಟೆ ಕಡೆಯ ಭೀಮನಬೀಡಿನಲ್ಲಿ. ನಲವತ್ತು ವರ್ಷದಿಂದ ಅರಿಶಿನ ಬೆಳೆಯುತ್ತಿದ್ದಾನೆ. ಪ್ರತಿ ವರ್ಷ ಅರಿಶಿನ ಕಿತ್ತ ಮೇಲೆ ಬಿತ್ತನೆಗೆಂದು ಒಳ್ಳೆಯ ಗೆಡ್ಡೆ ಆರಿಸಿ, ಹುಣಸೆಮರದ ನೆರಳಿನಲ್ಲಿ ಗುಡ್ಡೆ ಹಾಕಿ, ಒಣಗಿದ ಅರಿಶಿನದೆಲೆ ಹೊದಿಸಿ, ಮೇಲೆ ಕೆಮ್ಮಣ್ಣು ಮೆತ್ತುತ್ತಾನೆ. ನೆತ್ತಿಯಲ್ಲಿ ಗಾಳಿಗೊಂದು ಕಿಂಡಿ ಬಿಡುತ್ತಾನೆ. ಆ ಬೀಜ ನನ್ನಜ್ಜಿಯ ಕಾಲದ್ದು. ಅದನ್ನು ಅಪ್ಪ ಯಾರಿಗೂ ಮಾರಿದವನಲ್ಲ. ಕೇಳಿದವರಿಗೆ ಅಳೆದು ಕೊಡುತ್ತಾನೆ, ತಮ್ಮ ಬೆಳೆ ಬಂದಾಗ ಅವರು ಅಷ್ಟನ್ನೇ ಅಳೆದು ತಂದು ಸುರಿಯುತ್ತಾರೆ. ನಮ್ಮ ಕಡೆ ಬೀಜದ ವ್ಯವಹಾರ ಇಷ್ಟೇ.

ಒಂದು ದಿನ ಬೆಳಗ್ಗೆ ಕೃಷಿ ಜಾಲತಾಣವೊಂದರಿಂದ ಬೇಡಿಕೆ ಬಂತು: ಬಿತ್ತನೆ ಅರಿಶಿನವನ್ನು ಕಾಪಿಡುವ ವೈಜ್ಞಾನಿಕ ವಿಧಾನ, ಎಂಟುನೂರು ಪದ, ಸಂಜೆಯೊಳಗೆ. ಮನೆಯ ವಿಷಯವೇ ಬಂತಲ್ಲ ಎಂದು ನಗು ಬಂತು. ಆಮೇಲೆ ಎಲ್ಲ ಲೇಖನಗಳಿಗೂ ಮಾಡುವುದನ್ನೇ ಮಾಡಿದೆ. ನಾಲ್ಕು ಇಂಗ್ಲಿಷ್ ಪುಟ ತೆರೆದು, ಕಲಸಿ, ಕನ್ನಡಕ್ಕಿಳಿಸಿದೆ. ಆರುನೂರ ಐವತ್ತಕ್ಕೆ ಸರಕು ಮುಗಿಯಿತು. ಅಷ್ಟರಲ್ಲಿ ಫೋನ್ ಬಂತು.

"ಉಂಡ್ಯಾ ಕೂಸು?" ಎಂದ ಅಪ್ಪ.

"ಕೆಲ್ಸದಲ್ಲಿದ್ದೀನಪ್ಪ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಆಮೇಲೆ ಮಾಡಲಿಲ್ಲ.

ಇನ್ನೂ ನೂರೈವತ್ತು ಪದ ಬೇಕಿತ್ತು. ಒಂದು ಪುಟದಲ್ಲಿ ಯಾವುದೋ ಬೆಳೆಯನ್ನು ಮಳೆಯಿಂದ ಉಳಿಸಲು ಪ್ಲಾಸ್ಟಿಕ್ ಹೊದಿಸುವ ಮಾತಿತ್ತು. ಅದನ್ನೇ ಎಳೆದೆ. ಸಾಮಾನ್ಯವಾಗಿ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆಯುವವಳು ಅಂದು ಮಾತ್ರ ಖಡಾಖಂಡಿತವಾಗಿ ಬರೆದೆ: ಮಣ್ಣು ಮೆತ್ತುವ ಹಳೆಯ ಪದ್ಧತಿಗಿಂತ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚುವುದೇ ಉತ್ತಮ, ಗೆಡ್ಡೆಯ ತೇವವೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ. ಇಡೀ ಲೇಖನದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಕೊಂಡವರು ಐದು ನಕ್ಷತ್ರ ಕೊಟ್ಟರು. ಕೊನೆಯ ಭಾಗ ರೈತರಿಗೆ ಬಹಳ ಉಪಯುಕ್ತ ಎಂದೂ ಬರೆದರು.

ಮೇ ತಿಂಗಳಲ್ಲಿ ಊರಿಗೆ ಹೋದೆ. ಮೊದಲ ಮಳೆ ಬಿದ್ದು ನೆಲ ಹದವಾಗಿತ್ತು. ಅಪ್ಪ ಬೀಜದ ಗುಡ್ಡೆ ಬಿಚ್ಚಲು ಹೊರಟಿದ್ದ. ಹುಣಸೆಮರದ ಕೆಳಗೆ ಕೆಮ್ಮಣ್ಣಿಲ್ಲ, ನೀಲಿ ಪ್ಲಾಸ್ಟಿಕ್ಕು. ಹಾಳೆ ಎತ್ತುತ್ತಲೇ ನಾತ ಮೂಗಿಗೆ ಹೊಡೆಯಿತು. ಅಪ್ಪ ಒಳಗೆ ಕೈ ಹಾಕಿದ. ಹಿಡಿದ ಗೆಡ್ಡೆ ಅಂಟಂಟಾಗಿ ಬೆರಳ ಸಂದಿಯಿಂದ ಜಾರಿತು.

"ಪ್ಲಾಸ್ಟಿಕ್ ಯಾಕಪ್ಪ ಹಾಕ್ದೆ?" ಎಂದೆ. ಉತ್ತರ ಗೊತ್ತಿದ್ದೂ ಕೇಳಿದೆ.

ಅಪ್ಪ ಕೈ ಒರೆಸಿಕೊಂಡು ಫೋನ್ ತೆಗೆದ. "ಗೊಬ್ಬರದಂಗ್ಡಿಯವ್ರು ಎಲ್ಲಾರ್ಗೂ ಕಳ್ಸುದ್ರು ಕಣಮ್ಮಿ. ದೊಡ್ ತಜ್ಞರು ಬರ್ದವ್ರೆ. ನಾವು ದಡ್ರು, ಇಷ್ಟ್ ದಿನ ಮಣ್ ಮೆತ್ಕಂಡೇ ಕೂತಿದ್ದೊ ಅನ್ಕಂಡಿ."

ಪರದೆಯ ಮೇಲೆ ಟೈ ಕಟ್ಟಿದ ಯಾವನದೋ ಫೋಟೊ. ಅದರ ಕೆಳಗೆ ನನ್ನ ವಾಕ್ಯಗಳು, ಒಂದು ಅಲ್ಪವಿರಾಮವೂ ಕದಲದೆ. ಮೊದಲು ಆ ಟೈನವನ ಮೇಲೆ ಮೈಯೆಲ್ಲ ಉರಿಯಿತು. ಅವನಾದರೂ ಏನು ಮಾಡಿದ್ದ? ಹೆಸರು ಕೊಟ್ಟಿದ್ದ, ಅಷ್ಟೆ. ಅಂಥವನೊಬ್ಬ ನಿಜಕ್ಕೂ ಇದ್ದಾನೋ ಇಲ್ಲವೋ.

ಅಪ್ಪ ಬೈಯಲಿಲ್ಲ. "ನೀ ಓದ್ದವ್ಳು, ಆ ತಜ್ಞರ್ಗೊಂದು ಕಾಗ್ದ ಬರಿ. ಬ್ಯಾರೆಯವ್ರದ್ದೂ ಆಳಾಗದು ಬ್ಯಾಡ" ಎಂದ.

ಬರೆದೆ. ತಜ್ಞರಿಗೆ ವಿಳಾಸವಿರಲಿಲ್ಲ, ಸಂತೆಯವರಿಗೆ ಬರೆದು, ಆ ಭಾಗ ತಪ್ಪು, ತೆಗೆಸಿ ಎಂದು ಬೇಡಿಕೊಂಡೆ. ಮಾರಾಟವಾದ ಬರಹದ ಮೇಲೆ ಬರಹಗಾರರಿಗೆ ಯಾವ ಹಕ್ಕೂ ಇರುವುದಿಲ್ಲ ಎಂಬ ನಿಯಮವನ್ನು ಕಳಿಸಿ, ಧನ್ಯವಾದ ಹೇಳಿದರು. ಈಗಲೂ ಅದು ಅಲ್ಲೇ ಇದೆ. ವರ್ಷಕ್ಕೊಮ್ಮೆ ಹೋಗಿ ನೋಡುತ್ತೇನೆ.

ಮರುವಾರ ಅಪ್ಪ ಬಸ್ಸು ಹತ್ತಿ ಚಂದಕವಾಡಿಗೆ ಹೋದ. ಹಿಂದೊಮ್ಮೆ ಅವನಿಂದ ಬೀಜ ಪಡೆದಿದ್ದ ಮನೆಯೊಂದು ಅಲ್ಲಿತ್ತು. ಸಂಜೆಗೆ ಎರಡು ಮೂಟೆ ಅರಿಶಿನದ ಜೊತೆ ಇಳಿದ. ನಮ್ಮಜ್ಜಿಯ ಬೀಜವೇ. ಜಗುಲಿಯಲ್ಲಿ ಸುರಿದು, ಒಂದೊಂದೇ ಗೆಡ್ಡೆ ತಿರುಗಿಸಿ ನೋಡುತ್ತ ಖುಷಿಯಾಗಿದ್ದ. ಆ ಖುಷಿ ನೋಡಲಾಗದೆ ಹೇಳಿಬಿಟ್ಟೆ.

"ಅಪ್ಪ, ಅದ ಬರ್ದುದ್ದು ತಜ್ಞರಲ್ಲ. ನಾನೇ."

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ನಕ್ಕು, ಮತ್ತೊಂದು ಗೆಡ್ಡೆ ಕೈಗೆತ್ತಿಕೊಂಡ.

"ಸುಮ್ಕಿರಮ್ಮಿ. ನೀ ಬರ್ದಿದ್ರೆ ನನ್ನ ಒಂದ್ ಮಾತು ಕೇಳ್ತಿರ್ನಿಲ್ವಾ?"